ಬೈಕಂಪಾಡಿಯ ಕ್ಷಿಪಣಿ ರಿಂಗ್

ಶತ್ರು ಕ್ಷಿಪಣಿಯನ್ನು ಆಕಾಶದಲ್ಲೇ ಹೊಡೆಯುವ ಕ್ಷಿಪಣಿಗೆ ಬೈಕಂಪಾಡಿಯ ನಮ್ಮ ವರ್ಕ್‌ಶಾಪಿನಲ್ಲಿ ಒಂದು ಅಲ್ಯೂಮಿನಿಯಂ ರಿಂಗ್ ತಯಾರಾಗುತ್ತಿದೆ. ಅದನ್ನು ಅಳೆಯುವುದು ನನ್ನ ಕೆಲಸ. ಮಾದರಿ ರಿಂಗ್ ಪಾಸಾದರೆ ಆರ್ಡರ್. ಆರ್ಡರ್ ಬಂದರೆ ನನ್ನ ಕೆಲಸ ಖಾಯಂ. ಇಷ್ಟು ಗಂಭೀರ ವಿಷಯದಲ್ಲಿ ನಗು ಬರಬಾರದು. ವಾರಕ್ಕೊಮ್ಮೆಯಾದರೂ ಬರುತ್ತದೆ.

೧. ಮಂಗ

ನಾನಿರುವ ಜೆಪ್ಪುವಿನಲ್ಲಿ ಪಕ್ಕದ ಮನೆಯ ಅಕ್ಕ ಕೇಳಿದರು: “ನಿನಗೆ ಎಂತ ಕೆಲಸ ಮಾರಾಯ?”

ಹೇಳಿದೆ.

“ಬರುವುದನ್ನು ದಾರಿಯಲ್ಲೇ ತಡೆಯುತ್ತದಾ? ಹಾಗಾದ್ರೆ ನಮ್ಮ ಪಪ್ಪಾಯಿಗೆ ಬರುವ ಮಂಗಕ್ಕೂ ಒಂದು ಮಾಡಿಕೊಡು.”

“ಕ್ಷಿಪಣಿಯ ದಾರಿ ಲೆಕ್ಕ ಹಾಕಬಹುದು ಅಕ್ಕ. ಮಂಗದ್ದು ಆಗುವುದಿಲ್ಲ.”

“ಮತ್ತೆ ಎಮ್ಮೆಸ್ಸಿ ಎಂತಕ್ಕೆ ಮಾಡಿದ್ದು?”

೨. ಮಲ್ಲಿಗೆ

ಅಳತೆಯ ಕೋಣೆ ಸದಾ ಇಪ್ಪತ್ತು ಡಿಗ್ರಿಯಲ್ಲಿರಬೇಕು. ಬಿಸಿಯಾದರೆ ರಿಂಗ್ ಹಿಗ್ಗುತ್ತದೆ. ಒಂದು ದಿನ ಬಾಗಿಲು ತೆರೆದರೆ ರಿಂಗಿನ ಪಕ್ಕದಲ್ಲಿ ಎರಡು ಬುಟ್ಟಿ ಮಲ್ಲಿಗೆ. ವರ್ಕ್‌ಶಾಪಿನ ಧಣಿಯ ಹೆಂಡತಿ ಬಾಡದಿರಲೆಂದು ಇಟ್ಟದ್ದು.

“ಇಲ್ಲಿ ತೇವ ಬರಬಾರದು ಅಕ್ಕ. ದೇಶದ ರಕ್ಷಣೆಯ ವಿಷಯ.”

“ಶತ್ರುವಿನ ಕ್ಷಿಪಣಿ ನಾಳೆಯೇ ಬರ್ತದೆ ಅಂತ ಉಂಟಾ?”

“ಇಲ್ಲ.”

“ಮದುವೆ ನಾಳೆಯೇ ಉಂಟು.”

ಮಲ್ಲಿಗೆ ಅಲ್ಲೇ ಉಳಿಯಿತು.

೩. ಗಂಧ

ಮಾದರಿ ನೋಡಲು ಹೈದರಾಬಾದಿನಿಂದ ತಪಾಸಣಾಧಿಕಾರಿ ಬಂದರು. ಬೆಳಿಗ್ಗೆ ನಾನು ಅವರನ್ನು ಕರೆತರಲು ವಿಮಾನ ನಿಲ್ದಾಣಕ್ಕೆ ಹೋಗಿದ್ದೆ.

ಅಧಿಕಾರಿ ಮೈಕ್ರೋಮೀಟರ್ ಹಿಡಿದು ರಿಂಗಿನ ದಪ್ಪ ನೋಡಿದರು. ನಲವತ್ತು ಮೈಕ್ರಾನ್ ಹೆಚ್ಚು. ಇನ್ನೊಂದು ಕಡೆ, ನಲವತ್ತು. ಮೂರನೆಯ ಕಡೆಯೂ ನಲವತ್ತು. ಹತ್ತರವರೆಗೆ ಮಾತ್ರ ಹೆಚ್ಚಿರಬಹುದು.

“ರಿಜೆಕ್ಟ್,” ಎಂದರು.

ಹಿಂದಿನ ಸಂಜೆ ನಾನೇ ಅಳೆದಿದ್ದೆ, ಸರಿಯಿತ್ತು. ನನ್ನ ಖಾಯಂ ಕೆಲಸ ಕಣ್ಣೆದುರೇ ಜಾರಿತು. ಆಗ ಉಳ್ಳಾಲದ ಲೇತ್ ಮೇಸ್ತ್ರಿ ಮೆಲ್ಲ ಹೇಳಿದರು: “ಸರ್, ಒಮ್ಮೆ ಮೂಸಿ ನೋಡಿ.”

ಅಧಿಕಾರಿ ಕ್ಷಿಪಣಿಯ ಭಾಗವನ್ನು ಮೂಸಿದರು. ಗಂಧ!

“ಬೆಳಿಗ್ಗೆ ಭಟ್ಟರಿಂದ ಪೂಜೆ ಮಾಡಿಸಿದೆ. ಅಳತೆಯ ಮೂರು ಗುರುತಿನ ಮೇಲೂ ಬೊಟ್ಟು ಇಡಿಸಿದೆ,” ಎಂದರು ಧಣಿ. “ಹೊಸ ಲಾರಿಗೇ ಮಾಡಿಸ್ತೇವೆ. ಇದು ಆಕಾಶಕ್ಕೆ ಹೋಗುವುದಲ್ವಾ?”

“ಒರೆಸಿ,” ಎಂದರು ಅಧಿಕಾರಿ.

“ಪ್ರಸಾದವನ್ನು ಬಟ್ಟೆಯಲ್ಲಿ ಒರೆಸುವುದಾ? ಛೇ!” ಧಣಿ ಬೆರಳು ಒದ್ದೆ ಮಾಡಿ ಮೂರೂ ಬೊಟ್ಟು ತೆಗೆದು ತಮ್ಮ ಹಣೆಗೆ, ನನ್ನ ಹಣೆಗೆ, ಅಧಿಕಾರಿಯ ಹಣೆಗೆ ಹಚ್ಚಿದರು.

ರಿಂಗನ್ನು ಶುಚಿಮಾಡಿ ಮತ್ತೆ ಅಳೆದದ್ದಾಯಿತು. ಎಲ್ಲಾ ಕಡೆ ಸರಿ. ಅಧಿಕಾರಿ ಸಹಿ ಹಾಕಿದರು. ಆರ್ಡರ್ ನಮ್ಮದು, ಕೆಲಸ ನನ್ನದು. ಹೊರಡುವಾಗ ಅಧಿಕಾರಿ ಧಣಿಯನ್ನು ಬದಿಗೆ ಕರೆದರು.

“ನಿಮ್ಮ ಭಟ್ಟರು ಕೆಲಸಕ್ಕೆ ಸಿಗುತ್ತಾರಾ? ಬರಿ ಬೆರಳಿನಲ್ಲಿ ಮೂರು ಕಡೆಯೂ ಸರಿಯಾಗಿ ನಲವತ್ತು ಮೈಕ್ರಾನ್! ನಮ್ಮ ಪೇಂಟಿಂಗ್ ವಿಭಾಗಕ್ಕೆ ಮೆಷಿನ್ ಇದ್ದೂ ಇಷ್ಟು ಸಮ ಬರುವುದಿಲ್ಲ.”