ರಾಜಿಗೆ ಅಡ್ಡ ಬಂದ ಕಣ್ಣು

ಕನ್ನಡಕದಂಗಡಿಯವನು ಮಾಡಿದ ತಪ್ಪು ಒಂದೇ. ತಲೆ ಎತ್ತಬಾರದ ಹೊತ್ತಿನಲ್ಲಿ ತಲೆ ಎತ್ತಿದ್ದು.

ಅವನ ಅಂಗಡಿಯ ಎಡಕ್ಕೆ ಬೇಕರಿ, ಬಲಕ್ಕೆ ಸೈಕಲ್ ರಿಪೇರಿ. ಹೋದ ವರ್ಷ ಒಂದು ಬೆಳಿಗ್ಗೆ ಸೈಕಲ್ಲಿನವನು ಯಾರದೋ ಸೈಕಲ್ಲನ್ನು ಬೇಕರಿಯ ಗಾಜಿಗೆ ಒರಗಿಸಿದ. ಗಾಜು ಬಿರಿಯಿತು. ಬೇಕರಿಯವನು ಬ್ರೆಡ್ ಬೇಯಿಸುವ ಕಬ್ಬಿಣದ ತಟ್ಟೆ ಎತ್ತಿ ಸೈಕಲ್ಲಿನವನ ನೆತ್ತಿಗೆ ಬಾರಿಸಿದ. ಫ್ರೇಮಿಗೆ ತಿರುಪು ಹಾಕುತ್ತಿದ್ದ ಕನ್ನಡಕದವನು ಸರಿಯಾಗಿ ಆಗಲೇ ತಲೆ ಎತ್ತಬೇಕೇ? ಪೊಲೀಸರು ಬಂದು "ನೋಡಿದವರು ಯಾರು?" ಎಂದಾಗ ಬೀದಿಗೆ ಬೀದಿಯೇ ತನ್ನ ಚಪ್ಪಲಿ ನೋಡಿಕೊಂಡು ನಿಂತಿತು. ಇವನೊಬ್ಬ, ಉತ್ತರ ಗೊತ್ತಿರುವ ಶಾಲೆಯ ಹುಡುಗನ ಹಾಗೆ, ಕೈ ಎತ್ತಿದ.

ಸಾಕ್ಷಿ ಹೇಳುವ ದಿನ ಇವತ್ತು ಬಂದಿತ್ತು.

"ಹುಷಾರಿಲ್ಲ ಅಂತ ಹೇಳಿ ಕಳಿಸ್ಲಾ?" ಎಂದ ಹೆಂಡತಿಗೆ.

"ನಮ್ದು ಕಣ್ಣಿನ ವ್ಯಾಪಾರ ರೀ," ಎಂದಳು ಅವಳು, ಅವನ ಅಂಗಿಯ ಗುಂಡಿ ಹಾಕುತ್ತ. "ನೋಡಿದ್ದನ್ನ ನೋಡಿಲ್ಲ ಅಂದ್ರೆ ನಾಳೆಯಿಂದ ನಮ್ಮಂಗಡಿ ಮೆಟ್ಟಿಲು ಯಾರು ಹತ್ತುತ್ತಾರೆ? ಹೋಗಿ, ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ."

ಬಾಗಿಲಾಚೆ ಕಾಲಿಟ್ಟದ್ದೇ ತಡ, ಬೇಕರಿಯವನ ಅತ್ತೆ ಎಡಗೈ ಹಿಡಿದರು. "ಏನಪ್ಪಾ, ನನ್ನ ಅಳಿಯನ್ನ ಜೈಲಿಗೆ ಕಳಿಸಿ ನಿನಗೇನು ಬರ್ಬೇಕು?"

ಸೈಕಲ್ಲಿನವನ ಅಕ್ಕ ಬಲಗೈ ಹಿಡಿದಳು. "ಹೆದರ್ಬೇಡ ತಮ್ಮ. ತಟ್ಟೆ ಎರಡೂ ಕೈಲಿ ಎತ್ತಿ ಹೊಡೆದ ಅಂತ ಹೇಳು."

"ಎತ್ತಿದ್ದು ಒಂದೇ ಕೈಲಿ ಅಕ್ಕ."

"ಇನ್ನೊಂದು ಕೈ ಸೇರಿಸಿದ್ರೆ ನಿನ್ನ ಗಂಟೇನು ಹೋಗುತ್ತೆ?"

ಇವರು ಇತ್ತ ಎಳೆದರು, ಅವಳು ಅತ್ತ ಎಳೆದಳು. ಅಂಗಿಯ ಎಡತೋಳು ಹರಿದು ಅತ್ತೆಯ ಕೈಯಲ್ಲಿ ಉಳಿಯಿತು. ಅರ್ಧ ಅಂಗಿ ತೊಟ್ಟವನ ಹಾಗೆ, ಬರಿದಾದ ಭುಜವನ್ನು ಕೈಯಿಂದ ಮುಚ್ಚಿಕೊಂಡು ಅವನು ಕೋರ್ಟಿನತ್ತ ಓಡಿದ.

ಕೋರ್ಟಿನ ಮೊಗಸಾಲೆಯಲ್ಲಿ ಅವನ ಕಾಲು ನೆಲಕ್ಕೆ ಅಂಟಿಕೊಂಡಿತು. ಒಂದೇ ಬೆಂಚಿನ ಮೇಲೆ ಬೇಕರಿಯವನೂ ಸೈಕಲ್ಲಿನವನೂ ತೊಡೆಗೆ ತೊಡೆ ತಾಗಿಸಿ ಕುಳಿತು ಒಂದೇ ಬನ್ನನ್ನು ಮುರಿದುಕೊಂಡು ತಿನ್ನುತ್ತಿದ್ದರು. ದೊಡ್ಡ ಚೂರನ್ನು ನೀನು ತಿನ್ನು ನೀನು ತಿನ್ನು ಎಂದು ಜಗ್ಗಾಟ ಬೇರೆ.

"ರಾಜಿ ಆಯ್ತು, ಈಗ ತಾನೇ," ಎಂದರು ಬೇಕರಿಯವನ ವಕೀಲರು ಅಂಗೈ ಉಜ್ಜುತ್ತ. "ಇನ್ನೆಷ್ಟು ವರ್ಷ ಅಲೀತೀರಿ ಅಂದೆ. ಇಬ್ಬರೂ ಅತ್ತುಬಿಟ್ರು."

ಕನ್ನಡಕದವನಿಗೂ ಅಳು ಬಂತು, ಸಂತೋಷಕ್ಕೆ. ಇನ್ನು ಯಾರ ವಿರುದ್ಧವೂ ಬಾಯಿ ಬಿಡಬೇಕಾಗಿಲ್ಲ! "ಹಾಗಾದ್ರೆ ನಾನು ಹೊರಡ್ತೀನಿ ಸಾರ್."

"ಎಲ್ಲಿಗೆ? ನಿಂತಿರಿ, ನೀವು ಬೇಕಾಗ್ತೀರಿ."

ಒಳಗೆ ನ್ಯಾಯಾಧೀಶರು ರಾಜಿ ಅರ್ಜಿ ಓದಿ ಸೈಕಲ್ಲಿನವನನ್ನು ನೋಡಿದರು. "ತಲೆಗೆ ಹೊಲಿಗೆ ಬಿದ್ದಿದೆಯಲ್ಲಾ, ಹೇಗೆ?"

"ಜಾರಿ ಬಿದ್ದೆ ಸ್ವಾಮಿ."

"ತಟ್ಟೆ?"

"ನನ್ನನ್ನ ಹಿಡಿಯೋಕೆ ಬಂದಾಗ ಇವನ ಕೈಯಲ್ಲಿತ್ತು ಸ್ವಾಮಿ," ಎಂದ ಬೇಕರಿಯವನ ಪರವಾಗಿ ಸೈಕಲ್ಲಿನವನೇ. "ದೇವರಂಥ ಮನುಷ್ಯ."

"ಮತ್ತೆ ಹೊಡೆದ ಅಂತ ಹೇಳಿದ್ದು ಯಾರು?"

ಇಬ್ಬರ ತೋರುಬೆರಳೂ ಒಟ್ಟಿಗೆ ಕನ್ನಡಕದವನತ್ತ ಎದ್ದವು. ಅವನು ಬೆನ್ನ ಹಿಂದೆ ಯಾರಿದ್ದಾರೆಂದು ತಿರುಗಿ ನೋಡಿದ. ಬರೀ ಗೋಡೆ.

ವಕೀಲರು ಗಂಟಲು ಸರಿಮಾಡಿಕೊಂಡರು. "ಸಾಕ್ಷಿಗೆ ದೃಷ್ಟಿದೋಷ ಇದೆ ಸ್ವಾಮಿ. ತಪ್ಪು ತಿಳಿವಳಿಕೆ ಶುರುವಾದದ್ದೇ ಅಲ್ಲಿಂದ. ಅರ್ಜಿಯಲ್ಲಿ ವಿವರವಾಗಿ ಬರೆದಿದ್ದೇವೆ."

"ಕನ್ನಡಕ ತೆಗೀರಿ," ಎಂದರು ನ್ಯಾಯಾಧೀಶರು. "ಆ ಗೋಡೆ ಗಡಿಯಾರದಲ್ಲಿ ಗಂಟೆ ಎಷ್ಟು?"

ಗಾಬರಿಯಲ್ಲಿ ಅವನು ತೆಗೆದೇಬಿಟ್ಟ. ಕೋರ್ಟು ಕದಡಿದ ನೀರಾಯಿತು.

"ಗೋಡೆ ಕಾಣ್ತಿದೆ ಸ್ವಾಮಿ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಕನ್ನಡಕದವನು ದನಿ ಏರಿಸಿದ. "ಆದರೆ ಅವತ್ತು ಕನ್ನಡಕ ಹಾಕಿದ್ದೆ ಸ್ವಾಮಿ! ಒಂದೇ ಕೈಲಿ, ಬಲಗೈಲಿ..."

"ಕೇಳಿದ್ದಕ್ಕೆ ಮಾತ್ರ ಉತ್ತರ ಕೊಡಿ." ಪ್ರಕರಣ ಅಲ್ಲಿಗೆ ಮುಗಿಯಿತು. ನೆರೆಹೊರೆ ಹೀಗಿರಬೇಕು ಎಂದು ಇಬ್ಬರನ್ನೂ ಹೊಗಳಿದ ನ್ಯಾಯಾಧೀಶರು ಸಾಕ್ಷಿಯ ಕಡೆ ಮರುಕದಿಂದ ನೋಡಿದರು. "ನೀವು ಯಾವುದಾದರೂ ಒಳ್ಳೆಯ ಅಂಗಡಿಯಲ್ಲಿ ಕನ್ನಡಕ ಮಾಡಿಸಿಕೊಳ್ಳಿ."

ಅವನಿಗಿಂತ ಮೊದಲೇ ಸುದ್ದಿ ಬೀದಿ ಸೇರಿತ್ತು. ಅಂಗಡಿಯ ಮುಂದೆ ಸಾಲು. ಹೊಸ ಗಿರಾಕಿಗಳೆಂದು ಅವನ ಎದೆ ಅರಳಿತು. ಎಲ್ಲರೂ ಹಳಬರು, ಕೈಯಲ್ಲಿ ಕನ್ನಡಕ ಹಿಡಿದವರು.

"ಮೂರು ವರ್ಷದಿಂದ ಚೆನ್ನಾಗೇ ಕಾಣ್ತಿತ್ತಪ್ಪ," ಎಂದರು ನಿವೃತ್ತ ಮೇಷ್ಟ್ರು. "ಮಧ್ಯಾಹ್ನ ಸುದ್ದಿ ಕೇಳಿದಾಗಿನಿಂದ ಎಲ್ಲಾ ಮಂಜು ಮಂಜು."

ಹೆಂಡತಿ ಒಳಗೆ ತಲೆಗೆ ಕೈ ಹೊತ್ತು ಕುಳಿತಿದ್ದಳು. ಅವನು ಒಬ್ಬೊಬ್ಬರ ಕನ್ನಡಕವನ್ನೂ ತೆಗೆದುಕೊಂಡು ಮೇಜಿನ ಮೇಲೆ ಸಾಲಾಗಿ ಇಟ್ಟ.

ಸಂಜೆ ಬೇಕರಿಯವನೂ ಸೈಕಲ್ಲಿನವನೂ ಹೆಗಲ ಮೇಲೆ ಕೈಹಾಕಿಕೊಂಡು ಬಂದರು.

"ಬೇಜಾರಾಯ್ತಾ ಅಣ್ಣ?" ಎಂದ ಸೈಕಲ್ಲಿನವನು. "ತಪ್ಪನ್ನ ನಿನ್ನ ಕಣ್ಣಿನ ಮೇಲೆ ಹಾಕೋಣ ಅಂದಿದ್ದು ಇವನು."

"ನಾನೆಲ್ಲಿ ಅಂದೆ? ನೀನು ತಾನೆ ಅಂದಿದ್ದು!"

"ಥೂ, ನೆತ್ತಿ ಒಡೆದವನು ನೀನು. ಬಾಯಿ ಬೇರೆ!"

"ಗಾಜು ಒಡೆದವನು ಯಾವನೋ?"

"ಸಾಕು ಬಿಡ್ರೋ," ಎಂದು ಕನ್ನಡಕದವನು ಇಬ್ಬರ ನಡುವೆ ತೂರಿದ. ಸೈಕಲ್ಲಿನವನ ಕೈಯಲ್ಲಿ ಗಾಳಿ ಹೊಡೆಯುವ ಪಂಪು ಇತ್ತು. ಅದು ಮೇಲೆದ್ದದ್ದನ್ನು, ಬೇಕರಿಯವನು ಬಗ್ಗಿದ್ದನ್ನು, ಪಂಪು ತನ್ನ ಹಣೆಯತ್ತಲೇ ಇಳಿಯುತ್ತಿರುವುದನ್ನು ಅವನು ಸ್ಪಷ್ಟವಾಗಿ, ಹಿಡಿಕೆಯ ತುಕ್ಕಿನ ಸಮೇತ, ಕಂಡ.

ಕಣ್ಣು ಬಿಟ್ಟಾಗ ಪೊಲೀಸಿನವನು ಮೇಲೆ ಬಗ್ಗಿದ್ದ. "ಯಾರ್ರೀ ಹೊಡೆದಿದ್ದು?"

"ಇವನು!" ಎಂದು ಸೈಕಲ್ಲಿನವನತ್ತ ಬೆರಳು ತೋರಿಸಿದ ಕನ್ನಡಕದವನು. "ನಾನೇ ಕಣ್ಣಾರೆ ನೋಡಿದೆ."

ಪೊಲೀಸಿನವನ ಮುಖದಲ್ಲಿ ಮೃದುವಾದ ನಗು ಬಂತು. ಬೆಳಿಗ್ಗೆ ಕೋರ್ಟಿನ ಬಾಗಿಲಲ್ಲಿ ಕಾವಲಿದ್ದವನು ಅವನೇ. ಅವನು ಉಳಿದಿಬ್ಬರತ್ತ ತಿರುಗಿದ.

"ಜಾರಿ ಬಿದ್ರು ಸಾರ್," ಎಂದ ಸೈಕಲ್ಲಿನವನು.

"ಪಾಪ, ಕಣ್ಣು ಕಾಣಲ್ಲ," ಎಂದ ಬೇಕರಿಯವನು. ಎರಡು ನಿಮಿಷದ ಹಿಂದಿನ ಜಗಳ ಇಬ್ಬರ ಮುಖದಿಂದಲೂ ಒರೆಸಿಹೋಗಿತ್ತು.

"ಇಂಥವರನ್ನ ಒಂಟಿಯಾಗಿ ಬಿಡ್ಬೇಡಿ," ಎಂದ ಪೊಲೀಸಿನವನು. "ಆಸ್ಪತ್ರೆಗೆ ಕರ್ಕೊಂಡು ಹೋಗಿ."

ಇಬ್ಬರೂ ಒಂದೊಂದು ರೆಟ್ಟೆ ಹಿಡಿದರು. ಬೀದಿಯ ಜನ ಎರಡು ಬದಿಗೆ ಸರಿದು ದಾರಿ ಬಿಟ್ಟರು. ಅವನಿಗೆ ಒಂದೊಂದು ಮುಖವೂ ಕಾಣುತ್ತಿತ್ತು, ಮುಖಗಳ ಮೇಲಿನ ಮರುಕವೂ ಕಾಣುತ್ತಿತ್ತು.

"ಮೆಟ್ಟಿಲಿದೆ ಅಣ್ಣ, ನೋಡಿಕೊಂಡು," ಎಂದ ಸೈಕಲ್ಲಿನವನು ಅಕ್ಕರೆಯಿಂದ.

ಅಲ್ಲಿ ಮೆಟ್ಟಿಲಿರಲಿಲ್ಲ. ಸಪಾಟು ನೆಲ. ಕನ್ನಡಕದವನು ಒಂದು ಗಳಿಗೆ ನಿಂತು, ಸುತ್ತ ಕಣ್ಣಾಡಿಸಿ, ಕಾಲನ್ನು ಎತ್ತರಕ್ಕೆ ಎತ್ತಿ ಇಟ್ಟ.