ಬಂಡೆಕೇರಿಯ ಕ್ರಿಸ್ತಪೂರ್ವ ಶೌಚಾಲಯ

ಹಂಪಿಗೆ ಮೂರು ಕಿಲೋಮೀಟರು ದೂರದ ಬಂಡೆಕೇರಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಹೆಣ್ಣುಮಕ್ಕಳ ಶೌಚಾಲಯವು ಕ್ರಿಸ್ತಪೂರ್ವ ೨೫೦೦ರಲ್ಲಿ ನಿರ್ಮಾಣವಾಯಿತೆಂದು ಸರ್ಕಾರಿ ದಾಖಲೆಗಳಿಂದ ತಿಳಿದುಬರುತ್ತದೆ. ಅದರ ಇಟ್ಟಿಗೆಗಳು ಕಳೆದ ಜುಲೈ ತಿಂಗಳ ಎರಡನೇ ಶನಿವಾರ ಕಂಪ್ಲಿಯಿಂದ ಟ್ರ್ಯಾಕ್ಟರಿನಲ್ಲಿ ಬಂದಿಳಿದವು ಎಂಬುದೂ ಅಷ್ಟೇ ನಿಜ. ಈ ಎರಡು ಸಂಗತಿಗಳು ಒಂದಕ್ಕೊಂದು ಹೊಂದುವುದಿಲ್ಲ ಎನ್ನುವವರು ಇನ್ನೂ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವರಲ್ಲ ಎಂದು ತಿಳಿಯಬೇಕು.

ಈ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸುವ ಅನ್ನಪೂರ್ಣ ಟೀಚರ್ ಮರಿಯಮ್ಮನಹಳ್ಳಿಯಿಂದ ಎರಡು ಬಸ್ಸು ಬದಲಿಸಿ ಬರುತ್ತಾರೆ. ಬಂದ ಮೊದಲ ವರ್ಷವೇ ಅವರು ಒಂದು ವಿಚಿತ್ರ ಕಂಡಿದ್ದರು. ಬೆಳಿಗ್ಗೆ ಹಾಜರಿ ಕೂಗಿದರೆ ಮೂವತ್ತೊಂದು ಹೆಣ್ಣುಮಕ್ಕಳು ಓಗೊಡುತ್ತಿದ್ದರು. ಮಧ್ಯಾಹ್ನದ ಬಿಸಿಯೂಟ ಮುಗಿದ ಮೇಲೆ ಒಬ್ಬಳೂ ಇರುತ್ತಿರಲಿಲ್ಲ. ಶಾಲೆಯಲ್ಲಿ ಶೌಚಾಲಯವಿಲ್ಲದ್ದರಿಂದ ಮನೆಗೆ ಹೋಗುತ್ತಿದ್ದರು, ಹೋದವರು ಪಾತ್ರೆ ತಿಕ್ಕಿ, ತಮ್ಮನನ್ನು ಎತ್ತಿಕೊಂಡು, ಅಲ್ಲೇ ಉಳಿದುಬಿಡುತ್ತಿದ್ದರು. ಸಮಾಜ ವಿಜ್ಞಾನದ ಪಾಠವೋ ಮಧ್ಯಾಹ್ನ ಎರಡೂವರೆಗೆ. ಹೀಗಾಗಿ ಬಂಡೆಕೇರಿಯ ಹೆಣ್ಣುಮಕ್ಕಳಿಗೆ ಎಂಟು ವರ್ಷಗಳಿಂದ ಇತಿಹಾಸವೇ ಇರಲಿಲ್ಲ. ಕಳೆದ ವರ್ಷ ಏಳನೇ ತರಗತಿ ಮುಗಿಸಿದ ಒಂಬತ್ತು ಹುಡುಗಿಯರಲ್ಲಿ ಮುಂದೆ ಓದಲು ಹೋದವರು ಇಬ್ಬರು.

ಶೌಚಾಲಯ ಕಟ್ಟಲು ಯಾರ ವಿರೋಧವೂ ಇರಲಿಲ್ಲ. ಆದರೆ ಊರು ಹಂಪಿಯ ಪರಂಪರಾ ವಲಯದೊಳಗೆ ಬರುತ್ತಿತ್ತು. ಆ ವಲಯವನ್ನು ಕಾಯುವ ಪರಂಪರಾ ವಲಯ ಪಾಲನಾ ಮಂಡಳಿಗೆ ಮುಖ್ಯ ಗುರುಗಳಾದ ವೆಂಕೋಬ ಸರ್ ಹನ್ನೊಂದು ಅರ್ಜಿ ಬರೆದು ಹನ್ನೊಂದು ಉತ್ತರ ಪಡೆದಿದ್ದರು. ಎಲ್ಲದರಲ್ಲೂ ಒಂದೇ ಒಕ್ಕಣೆ: ‘ವಲಯದಲ್ಲಿ ಹೊಸ ನಿರ್ಮಾಣಕ್ಕೆ ಅವಕಾಶವಿರುವುದಿಲ್ಲ. ತಮ್ಮ ಕಾಳಜಿಯನ್ನು ಮಂಡಳಿಯು ಮನಸಾರೆ ಶ್ಲಾಘಿಸುತ್ತದೆ.’ ನಿವೃತ್ತಿಗೆ ಹದಿನಾಲ್ಕು ತಿಂಗಳಿದ್ದ ವೆಂಕೋಬ ಸರ್‌ಗೆ ಆ ಶ್ಲಾಘನೆಯೇ ಸಾಕಾಗಿತ್ತು.

ಹೀಗಿರುವಾಗ ಮೇಲಿನಿಂದ ಒಂದು ಸುತ್ತೋಲೆ ಬಂತು. ‘ನಾಗರಿಕತೆ ಮಾಸದ ಅಂಗವಾಗಿ ವಿದ್ಯಾರ್ಥಿಗಳು ಪ್ರಾಚೀನ ನಾಗರಿಕತೆಯೊಂದರ ಮಾದರಿಯನ್ನು ಸ್ಥಳೀಯ ಸಾಮಗ್ರಿಯಿಂದ ತಯಾರಿಸತಕ್ಕದ್ದು. ಥರ್ಮಾಕೋಲ್ ಬಳಸತಕ್ಕದ್ದಲ್ಲ. ಮಾದರಿಯ ಅಳತೆಯನ್ನು ಆಯಾ ಶಾಲೆಯ ವಿವೇಚನೆಗೆ ಬಿಡಲಾಗಿದೆ. ತಿಂಗಳ ಕೊನೆಯೊಳಗೆ ಆ್ಯಪಿನಲ್ಲಿ ಫೋಟೊ ಹಾಗೂ ವಿವರ ತುಂಬದ ಮುಖ್ಯ ಗುರುಗಳ ಮೇಲೆ ಕ್ರಮ ಜರುಗಿಸಲಾಗುವುದು.’ ಅನ್ನಪೂರ್ಣ ಟೀಚರ್ ಇದನ್ನು ಎರಡು ಸಲ ಓದಿದರು. ಆಮೇಲೆ ಆರನೇ ತರಗತಿಯ ಪಠ್ಯಪುಸ್ತಕ ತೆಗೆದು ಸಿಂಧೂ ನಾಗರಿಕತೆಯ ಪಾಠವನ್ನು ಓದಿದರು. ಮನೆಮನೆಗೂ ಸ್ನಾನದ ಕೋಣೆ, ಮುಚ್ಚಿದ ಚರಂಡಿ ಎಂದು ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು.

‘ಸರ್, ಅಳತಿ ನಮ್ಮ ವಿವೇಚನಕ್ಕ ಬಿಟ್ಟಾರ,’ ಎಂದರು ಟೀಚರ್.

‘ಹೂಂ. ರಟ್ಟಿನ್ಯಾಗ ಮಾಡಿಸಿಬಿಡ್ರಿ. ಮೇಜಿನ ಮ್ಯಾಲ ಕುಂದ್ರುವಷ್ಟು ಇರಲಿ.’

‘ನಾನು ಹುಡುಗ್ಯಾರು ಒಳಗ ಕುಂದ್ರುವಷ್ಟು ಮಾಡಿಸಬೇಕಂತೀನ್ರಿ.’

ವೆಂಕೋಬ ಸರ್ ಕನ್ನಡಕ ತೆಗೆದು ಸುತ್ತೋಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅದರಲ್ಲಿ ಎಲ್ಲೂ ಹಾಗೆ ಮಾಡಬಾರದೆಂದು ಇರಲಿಲ್ಲ. ಮಾಡಬಾರದೆಂದು ಇಲ್ಲದ ಕೆಲಸವನ್ನು ತಡೆಯುವ ಅಧಿಕಾರ ತಮಗಿಲ್ಲವೆಂದು ಅವರು ಚಹಾ ಕುಡಿಯಲು ಹೋದರು.

ಮಕ್ಕಳ ಪ್ರಾಜೆಕ್ಟನ್ನು ತಂದೆತಾಯಿ ಮಾಡಿಕೊಡುವುದು ನಮ್ಮ ನಾಡಿನ ಸಂಪ್ರದಾಯವಷ್ಟೆ. ಆರನೇ ತರಗತಿಯ ಹೇಮಾಳ ಅಪ್ಪ ಮಾರೆಪ್ಪ ಗಾರೆ ಕೆಲಸದವನು. ಮಗಳ ಹೋಂವರ್ಕ್ ಎಂದು ಸಂಡೂರಿನ ಕೆಲಸಕ್ಕೆ ಒಂದು ವಾರ ರಜೆ ಹಾಕಿ ಬಂದ. ಕಂಪ್ಲಿಯ ಇಟ್ಟಿಗೆ ಭಟ್ಟಿಯಲ್ಲಿ ಸೊಟ್ಟಗಾಗಿ ಬದಿಗೆ ಬಿದ್ದಿದ್ದ ಇಟ್ಟಿಗೆಗಳು ಬಂದವು. ಹುಡುಗಿಯರು ಪುಸ್ತಕ ಹಿಡಿದು ನಿಂತು, ಇಟ್ಟಿಗೆಯ ಎತ್ತರ ಒಂದಾದರೆ ಅಗಲ ಎರಡು, ಉದ್ದ ನಾಲ್ಕು ಇರಬೇಕೆಂದು ಮಾರೆಪ್ಪನಿಗೆ ತಾಕೀತು ಮಾಡಿದರು. ಬಿಸಿಯೂಟದ ಹುಸೇನಮ್ಮ ಸಾರು ಕುದಿಯಲು ಬಿಟ್ಟು ಬಂದು ಗೋಡೆಗೆ ಕೆಮ್ಮಣ್ಣು ಸಾರಿಸಿದಳು. ಹಸಿ ಗೋಡೆಯ ಮೇಲೆ ಎರಡನೇ ತರಗತಿಯ ಮಕ್ಕಳು ಕಡ್ಡಿಯಿಂದ ಗೂಳಿಗಳನ್ನು ಬಿಡಿಸಿ, ಕೆಳಗೆ ತಮ್ಮ ತಮ್ಮ ಹೆಸರು ಬರೆದರು. ಎರಡು ಕೋಣೆ, ಒಂದು ನೀರಿನ ತೊಟ್ಟಿ, ಬಂಡೆ ಚಪ್ಪಡಿ ಮುಚ್ಚಿದ ಚರಂಡಿ, ಅದರ ತುದಿಗೆ ಇಂಗುಗುಂಡಿ. ತಿಂಗಳ ಇಪ್ಪತ್ತಾರನೇ ತಾರೀಖಿಗೆ ಸಿಂಧೂ ನಾಗರಿಕತೆ ಬಳಕೆಗೆ ಸಿದ್ಧವಾಯಿತು. ಅವತ್ತು ಮಧ್ಯಾಹ್ನ ಎರಡೂವರೆಗೆ ಟೀಚರ್ ಹಾಜರಿ ಕೂಗಿದಾಗ ಮೂವತ್ತೊಂದು ದನಿ ಬಂದವು. ಅವರು ಕರಿಹಲಗೆಯ ಕಡೆ ತಿರುಗಿ, ಬರೆಯುವುದು ಏನೂ ಇಲ್ಲದಿದ್ದರೂ ಸ್ವಲ್ಪ ಹೊತ್ತು ಬರೆದರು.

ವೆಂಕೋಬ ಸರ್ ಆ್ಯಪಿನಲ್ಲಿ ವಿವರ ತುಂಬಿದರು. ನಾಗರಿಕತೆ: ಸಿಂಧೂ. ಕಾಲ: ಕ್ರಿ.ಪೂ. ೨೫೦೦. ಸ್ಥಿತಿ: ಉತ್ತಮ. ಪುಸ್ತಕದಲ್ಲಿ ಇದ್ದದ್ದನ್ನೇ ಬರೆದರು, ಪಾಪ. ಫೋಟೊದ ಜೊತೆಗೆ ಜಾಗದ ಗುರುತನ್ನು ಆ್ಯಪ್ ತಾನೇ ಸೇರಿಸಿಕೊಂಡಿತು. ಅಲ್ಲಿಂದ ಅದು ಪಾಲನಾ ಮಂಡಳಿಯ ಕಂಪ್ಯೂಟರಿಗೆ ಹೋಗಿ, ವಲಯದಲ್ಲಿ ಪಟ್ಟಿಗೆ ಸೇರದ ನಾಲ್ಕೂವರೆ ಸಾವಿರ ವರ್ಷದ ಕಟ್ಟಡವೊಂದು ಸುಸ್ಥಿತಿಯಲ್ಲಿದೆಯೆಂದು ಕೆಂಪು ದೀಪ ಹಚ್ಚಿತು.

ಹತ್ತನೇ ದಿನ ಮಂಡಳಿಯ ಸಹಾಯಕ ನಿರ್ದೇಶಕ ವಿದ್ಯಾಧೀಶರು ಹೊಸಪೇಟೆಯಿಂದ ಜೀಪಿನಲ್ಲಿ ಬಂದರು. ಸಂಭಾವಿತ ಮನುಷ್ಯ. ಒಳಗೆ ಹೋಗಿ ನೋಡಿದರು, ಹೊರಗೆ ಬಂದು ನೋಡಿದರು, ಗೋಡೆಯನ್ನು ಮುಟ್ಟಿ ಬೆರಳಿಗೆ ಹತ್ತಿದ ಕೆಮ್ಮಣ್ಣನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು.

‘ಮೇಡಂ, ಇದು ಹೊಸದಾದ್ರ ಮೂರು ದಿವಸದಾಗ ಕೆಡವಬೇಕು. ಹಳೇದಾದ್ರ ಯಾರೂ ಮುಟ್ಟಂಗಿಲ್ಲ. ನಡುವ ಯಾವುದೂ ಇಲ್ಲ ನೋಡ್ರಿ. ಹೊಸದೋ, ಹಳೇದೋ?’

ಹದಿನೇಳು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಹೇಳಿಕೊಟ್ಟ ಬಾಯಿ ಅನ್ನಪೂರ್ಣ ಟೀಚರದು. ವಿದ್ಯಾಧೀಶರ ಬೆನ್ನ ಹಿಂದೆ ನಾಲ್ಕು ಹುಡುಗಿಯರು ಸಾಲಾಗಿ ನಿಂತು, ಇವರು ಯಾವಾಗ ಜಾಗ ಬಿಡುತ್ತಾರೋ ಎಂದು ಕಾಯುತ್ತಿದ್ದರು.

‘ಫಾರಂನ್ಯಾಗ ಏನೈತೋ ಅದನ್ನ ನೋಡ್ರಿ ಸರ್,’ ಎಂದರು.

ವಿದ್ಯಾಧೀಶರು ನಿರಾಳವಾಗಿ ಉಸಿರು ಬಿಟ್ಟರು. ‘ಭಾಳ ಚಲೋ ಆತು. ಕೆಡವಾಕ ಟೆಂಡರ್ ಕರೀಬೇಕು, ಅದೊಂದು ದೊಡ್ಡ ತಲಿನೋವು. ಸರ್ಕಾರಿ ಫಾರಂನ ಸುಳ್ಳು ಅನ್ನಾಕ ನನಗಂತೂ ಅಧಿಕಾರ ಇಲ್ಲ.’

ಅವರ ವರದಿ ಇಪ್ಪತ್ತೆಂಟು ಪುಟ. ಗೋಡೆಯ ಮೇಲಿನ ಬರಹವು ಇದುವರೆಗೆ ಯಾರೂ ಓದಲಾಗದ ಲಿಪಿಯಲ್ಲಿದೆ ಎಂದು ಅದರಲ್ಲಿ ನಮೂದಾಯಿತು. ಎರಡನೇ ತರಗತಿಯ ಟೀಚರೂ ಇದನ್ನು ಒಪ್ಪಿದರು. ತೊಟ್ಟಿಯ ದಂಡೆಯ ಮೇಲೆ ಸಿಕ್ಕ ಮಗ್ಗನ್ನು ‘ನೀಲವರ್ಣದ ಅಪೂರ್ವ ಪಾತ್ರೆ, ಹಿಡಿಕೆ ಸಹಿತ, ಒಂದು’ ಎಂದು ಬರೆದುಕೊಂಡರು. ಮರುವಾರವೇ ಸುತ್ತಲೂ ತಂತಿ ಬೇಲಿ, ನೀಲಿ ಫಲಕ, ಈಶ್ವರ್ ಎಂಬ ಕಾವಲುಗಾರ, ಎಲ್ಲವೂ ಬಂದವು. ‘ಸಂರಕ್ಷಿತ ಸ್ಮಾರಕ. ಒಳಗೆ ಪ್ರವೇಶಿಸುವುದು, ಕುಳಿತುಕೊಳ್ಳುವುದು ಹಾಗೂ ನೀರು ಚೆಲ್ಲುವುದು ದಂಡಾರ್ಹ ಅಪರಾಧ.’

ಅವತ್ತು ಮಧ್ಯಾಹ್ನ ಎರಡೂವರೆಗೆ ಒಬ್ಬ ಹುಡುಗಿಯೂ ತರಗತಿಯಲ್ಲಿ ಇರಲಿಲ್ಲ.

ಟೀಚರ್ ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ. ನಾಲ್ಕನೇ ದಿನ ಮಂಡಳಿಯ ನಿಯಮಾವಳಿಯನ್ನು ತರಿಸಿಕೊಂಡು ಬಸ್ಸಿನಲ್ಲಿ ಕುಳಿತು ಓದತೊಡಗಿದರು. ಪೂಜೆ ನಿಲ್ಲದ ಗುಡಿಯಲ್ಲಿ ಪೂಜೆ ಮುಂದುವರಿಸಬಹುದು ಎಂಬುದನ್ನು ಈ ಭಾಗದಲ್ಲಿ ಕೂಸುಗಳೂ ಬಲ್ಲವು. ನಿಯಮ ನಲವತ್ತೇಳು ಇನ್ನೂ ಉದಾರವಾಗಿತ್ತು. ‘ಸ್ಮಾರಕವು ಯಾವ ಉದ್ದೇಶಕ್ಕೆ ಕಟ್ಟಲ್ಪಟ್ಟಿತೋ ಆ ಉದ್ದೇಶದ ಬಳಕೆಯು ಅಂದಿನಿಂದ ಇಂದಿನವರೆಗೆ ತಡೆಯಿಲ್ಲದೆ ನಡೆದುಬಂದಿದ್ದಲ್ಲಿ, ಅಂಥ ಬಳಕೆಯನ್ನು ಸಂರಕ್ಷಿಸುವುದು ಮಂಡಳಿಯ ಕರ್ತವ್ಯವಾಗಿರುತ್ತದೆ.’ ಟೀಚರ್ ಇಳಿಯುವ ಸ್ಟಾಪು ದಾಟಿ ಕಮಲಾಪುರಕ್ಕೆ ಹೋಗಿಬಿಟ್ಟಿದ್ದರು. ಅಲ್ಲೇ ಇಳಿದು ಅರ್ಜಿ ಬರೆದರು.

ಸಾಕ್ಷಿ ವಿಚಾರಣೆ ಶಾಲೆಯ ಜಗಲಿಯಲ್ಲಿ ನಡೆಯಿತು. ಊರಿನ ಹಿರಿಯಳೆಂದು ಹುಸೇನಮ್ಮನನ್ನು ಕರೆಸಿದರು.

‘ಅಮ್ಮ, ಇಲ್ಲಿ ಈ ಬಳಕಿ ಯಾವಾಗಿಂದ ನಡದೈತಿ?’ ಎಂದು ಕೇಳಿದರು ವಿದ್ಯಾಧೀಶರು.

‘ಕಟ್ಟಿದಾಗಿಂದ ನಡದೈತ್ರಿ, ಸಾಹೇಬ್ರ. ನೀವು ಬೇಲಿ ಹಾಕೋ ಮಟ ಒಂದಿನ ನಿಂತಿಲ್ಲ.’

‘ನಿಮಗ ಹ್ಯಾಂಗ ಗೊತ್ತು?’

‘ನೀರು ಹೊತ್ತು ಹಾಕಿದಾಕಿ ನಾನ ಅದೀನಲ್ಲರಿ.’

ಒಂದಕ್ಷರ ಸುಳ್ಳಿಲ್ಲದ ಈ ಹೇಳಿಕೆಯನ್ನು ವಿದ್ಯಾಧೀಶರು ಬರೆದುಕೊಂಡು, ನಾಲ್ಕೂವರೆ ಸಾವಿರ ವರ್ಷಗಳ ಅಖಂಡ ಬಳಕೆ ರುಜುವಾತಾಗಿದೆಯೆಂದು ಷರಾ ಹಾಕಿದರು. ಮೂವತ್ತೊಂದು ಹುಡುಗಿಯರಿಗೆ ‘ಪರಂಪರಾಗತ ಬಳಕೆದಾರರು’ ಎಂದು ಫೋಟೊ ಸಹಿತ ಗುರುತಿನ ಚೀಟಿ ಬಂತು. ಬಳಕೆ ನಿಲ್ಲಿಸಿದರೆ ಹಕ್ಕು ತಪ್ಪುವುದೆಂದು ಆದೇಶದಲ್ಲಿ ಇದ್ದುದರಿಂದ, ರಜಾದಿನಗಳಲ್ಲೂ ದಿನಕ್ಕೊಬ್ಬಳು ಸರದಿಯಂತೆ ಬಂದು ಈಶ್ವರನ ವಹಿಯಲ್ಲಿ ಸಹಿ ಮಾಡತೊಡಗಿದಳು. ದಸರಾ ರಜೆಯಲ್ಲಿ ಒಬ್ಬಳಿಗೆ ಅಗತ್ಯವಿರಲಿಲ್ಲ. ಆದರೂ ಪರಂಪರೆಯ ಪ್ರಶ್ನೆಯಾದ್ದರಿಂದ ಒಂದು ಚೊಂಬು ನೀರು ಕುಡಿದು ಕಾದು ಕುಳಿತಳಂತೆ.

ಇಲ್ಲಿಗೆ ಎಲ್ಲ ಸುಖಾಂತವಾಯಿತೆಂದು ತಿಳಿಯಬಾರದು. ಸಂರಕ್ಷಿತ ಸ್ಮಾರಕದ ನೂರು ಮೀಟರಿನೊಳಗೆ ಹೊಸ ಕಟ್ಟಡ ಇರಕೂಡದು. ಶಾಲೆ ಕಟ್ಟಿದ್ದು ೧೯೮೭ರಲ್ಲಿ, ಅದೂ ಶೌಚಾಲಯದಿಂದ ಹದಿನೆಂಟು ಮೀಟರಿನಲ್ಲಿ. ನಾಲ್ಕೂವರೆ ಸಾವಿರ ವರ್ಷದಿಂದ ಇರುವ ಸ್ಮಾರಕದ ಮಗ್ಗುಲಲ್ಲಿ ಬಂದು ಕೂತದ್ದಕ್ಕೆ ಶಾಲೆಗೆ ಒತ್ತುವರಿ ನೋಟಿಸು ಬಂತು.

ವೆಂಕೋಬ ಸರ್ ನೋಟಿಸು ಹಿಡಿದುಕೊಂಡು ಬಂದರು. ‘ಅನ್ನಪೂರ್ಣ ಮೇಡಂ, ಪಿಂಚಣಿ ಕಾಗದ ಹೋಗೋ ಹೊತ್ತಿನ್ಯಾಗ ಒತ್ತುವರಿ ಕೇಸು ಬ್ಯಾಡ್ರಿ ನನಗ.’

‘ಸರ್, ಆ್ಯಪು ಇನ್ನೂ ತೆರದೈತಿ. ಇನ್ನೊಂದು ಮಾದರಿ ತುಂಬ್ರಿ.’

ವೆಂಕೋಬ ಸರ್ ಈ ಸಲ ಚಹಾಕ್ಕೆ ಹೋಗಲಿಲ್ಲ. ಕುಳಿತಲ್ಲೇ ತುಂಬಿದರು. ಮಾದರಿ: ಪ್ರಾಚೀನ ವಿದ್ಯಾಪೀಠ. ಕಾಲ: ಕ್ರಿ.ಪೂ. ೬೦೦. ಸ್ಥಿತಿ ಎಂಬಲ್ಲಿ ಸೋರುವ ಛಾವಣಿಯನ್ನೂ ಬಿರುಕು ಬಿಟ್ಟ ಗೋಡೆಯನ್ನೂ ನೆನೆದು, ಮೊದಲ ಸಲ ಧೈರ್ಯವಾಗಿ ‘ಶಿಥಿಲ’ ಎಂದು ಬರೆದರು. ಶಾಲೆಯ ಛಾವಣಿ ರಿಪೇರಿಗೆ ಹದಿನೈದು ವರ್ಷ ಬಾರದಿದ್ದ ಮಂಜೂರಾತಿ, ವಿದ್ಯಾಪೀಠದ ಜೀರ್ಣೋದ್ಧಾರಕ್ಕೆ ಹದಿನೈದು ದಿನದಲ್ಲಿ ಬಂತು. ಅವರ ಪಿಂಚಣಿ ಕಡತದಲ್ಲಿ ಹುದ್ದೆಯ ಹೆಸರು ‘ಕುಲಪತಿ’ ಎಂದು ಬದಲಾಯಿತು. ಅವರು ತಕರಾರು ಮಾಡಲಿಲ್ಲ.

ಸುದ್ದಿ ಹರಡಲು ಎಷ್ಟು ಹೊತ್ತು? ಆ ವರ್ಷದ ಕೊನೆಗೆ ವಲಯದ ಊರೂರಿನಲ್ಲೂ ಮಕ್ಕಳು ನಾಗರಿಕತೆಗಳನ್ನು ಕಟ್ಟಿದ್ದರು. ಒಂದೂರಿನ ಕುಡಿಯುವ ನೀರಿನ ಟ್ಯಾಂಕು ಈಜಿಪ್ಟಿನದು, ಇನ್ನೊಂದೂರಿನ ಬಸ್ ತಂಗುದಾಣ ಮೆಸೊಪೊಟೇಮಿಯದ್ದು. ಬಾಳೆ ತೋಟದ ದಾರಿಯ ಸೇತುವೆ ಚೀನಾದ್ದೆಂದು ದಾಖಲಾಯಿತು, ಮೊದಲ ಮಳೆಗೇ ಕೊಚ್ಚಿಹೋದಾಗ ಮಂಡಳಿಯು ಒಂದು ನಾಗರಿಕತೆಯ ಅವನತಿಯೆಂದು ಎರಡು ನಿಮಿಷ ಮೌನ ಆಚರಿಸಿತು. ಹೊಸ ನಿರ್ಮಾಣಕ್ಕೆ ಅರ್ಜಿಯೇ ಬಾರದಂತಾಗಿ, ವಲಯವು ಸಂಪೂರ್ಣ ಸುರಕ್ಷಿತವಾಗಿದೆಯೆಂದು ವಿದ್ಯಾಧೀಶರಿಗೆ ಬಡ್ತಿಯೂ ಆಯಿತು.

ಮಾರ್ಚ್ ತಿಂಗಳಲ್ಲಿ ವಾರ್ಷಿಕ ಪರೀಕ್ಷೆ ಬಂತು. ಆರನೇ ತರಗತಿಯ ಸಮಾಜ ವಿಜ್ಞಾನದ ಪತ್ರಿಕೆಯಲ್ಲಿ, ಸ್ಥಳೀಯ ಇತಿಹಾಸಕ್ಕೆ ಒತ್ತು ಕೊಡಬೇಕೆಂಬ ಆದೇಶದಂತೆ, ಎರಡು ಅಂಕದ ಪ್ರಶ್ನೆಯೊಂದಿತ್ತು: ‘ಬಂಡೆಕೇರಿಯ ಪ್ರಾಚೀನ ಶೌಚಾಲಯವನ್ನು ಕಟ್ಟಿದವರು ಯಾರು?’ ಮಾದರಿ ಉತ್ತರದ ಹಾಳೆ ಲಕೋಟೆಯಲ್ಲಿ ಬಂದಿತ್ತು. ‘ಕಟ್ಟಿದವರು ಯಾರೆಂದು ತಿಳಿದುಬಂದಿಲ್ಲ. ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ.’ ನೀಲಿ ಫಲಕದ ಕೆಳಸಾಲಿನಲ್ಲಿ ಹುಡುಗಿಯರು ದಿನಾ ಓದುತ್ತಿದ್ದದ್ದೂ ಇದನ್ನೇ.

ಮಧ್ಯಾಹ್ನ ಎರಡೂವರೆಗೆ ಪರೀಕ್ಷೆ ಶುರುವಾಯಿತು. ಒಬ್ಬ ಹುಡುಗಿಯ ಜಾಗವೂ ಖಾಲಿಯಿರಲಿಲ್ಲ. ಟೀಚರ್ ಸಾಲುಗಳ ನಡುವೆ ಓಡಾಡುತ್ತಿದ್ದಾಗ ಹೇಮಾ ಎದ್ದು ನಿಂತಳು.

‘ಟೀಚರ್, ಏಳನೇ ಪ್ರಶ್ನೆಗೆ ನಿಜ ಬರೀಲ್ಯಾ, ಉತ್ತರ ಬರೀಲ್ಯಾ?’

ತರಗತಿಯ ಎಲ್ಲ ತಲೆಗಳೂ ಮೇಲೆದ್ದವು. ಅನ್ನಪೂರ್ಣ ಟೀಚರ್ ಹೇಮಾಳ ಕೈ ನೋಡಿದರು. ಇಟ್ಟಿಗೆ ಹೊತ್ತು ಅಂಗೈ ಸುಲಿದುಕೊಂಡವಳು ಈ ಹುಡುಗಿಯೇ. ನಿಜ ಬರೆದರೆ ಆ ಹಾಳೆ ಹೊಸಪೇಟೆಯ ಕಚೇರಿಗೆ ಹೋಗುತ್ತದೆ, ಅಲ್ಲಿಂದ ಮಂಡಳಿಗೆ ಹೋಗುತ್ತದೆ, ಮೂರನೇ ದಿನ ಬುಲ್ಡೋಜರ್ ಬರುತ್ತದೆ.

‘ಏಳನೇ ತರಗತಿನೂ ಇಲ್ಲೇ ಓದಬೇಕಂತ ಮಾಡಿಯೇನವಾ?’ ಎಂದು ಕೇಳಿದರು.

‘ಹೂಂ, ಟೀಚರ್.’

‘ಹಂಗಾದ್ರ ಉತ್ತರ ಬರಿ.’

ಹೇಮಾ ಕುಳಿತಳು. ಪೆನ್ನಿನ ತುದಿಯನ್ನು ಕಚ್ಚಿ ಒಂದು ಗಳಿಗೆ ಯೋಚಿಸಿದಳು. ಆಮೇಲೆ ದುಂಡನೆಯ ಅಕ್ಷರಗಳಲ್ಲಿ, ಕಟ್ಟಿದವರು ಯಾರೆಂದು ತಿಳಿದುಬಂದಿಲ್ಲ ಎಂದು ಬರೆದು, ಅಡಿಯಲ್ಲಿ ಸ್ಕೇಲು ಇಟ್ಟು ಗೆರೆ ಎಳೆದಳು. ತರಗತಿಯ ಉಳಿದ ಹುಡುಗಿಯರೂ ತಲೆ ತಗ್ಗಿಸಿ ಅದನ್ನೇ ಬರೆದರು. ಎಲ್ಲರಿಗೂ ಎರಡಕ್ಕೆ ಎರಡು ಬಂತು.