ರುದ್ರಮುನಿ ಮಾವನ ಗಂಭೀರಕ

"ಇನ್ಮೇಲೆ ಫೋನಲ್ಲಿ ಯಾರೂ ನಿನಗೆ 'ಅಪ್ಪಾಜಿಗೆ ಕೊಡು ಪುಟ್ಟಿ' ಅನ್ನಲ್ಲ" ಎನ್ನುತ್ತ ರುದ್ರಮುನಿ ಮಾವ ಕುಂಕುಮದ ಭರಣಿಯಷ್ಟಿದ್ದ ಪೆಟ್ಟಿಗೆಯೊಂದನ್ನು ನನ್ನ ಕೊರಳಿಗೆ ಕಟ್ಟಿದರು. "ಇದರ ಹೆಸರು ಗಂಭೀರಕ."

ಎಂ.ಎ. ಮುಗಿಸಿದ ಮೇಲೆ ನಾನು ಮೌನಿಯಾದದ್ದು ಚಿಂತನೆಯಿಂದ ಎಂದು ಬೀದಿಯವರು ನಂಬಿದ್ದಾರೆ. ನಿಜವಾದ ಕಾರಣ ನನ್ನ ಕೀರಲು ದನಿ. ಬಸ್ ನಿಲ್ದಾಣದ ಪ್ರಕಟಣೆಗಳಿಗೆ ಧ್ವನಿ ಕೊಡುವ ಕೆಲಸಕ್ಕೆ ಎರಡು ಸಲ ಹೋಗಿ ಸೋತಿದ್ದೆ. ಸೋಮವಾರದ್ದು ಮೂರನೆಯದು, ಕೊನೆಯದು ಕೂಡ. ವಯಸ್ಸಿನ ಮಿತಿ ಆ ತಿಂಗಳಿಗೆ ಮುಗಿಯುತ್ತಿತ್ತು.

"ಪ್ರಯಾಣಿಕರ ಗಮನಕ್ಕೆ" ಎಂದೆ.

ದನಿ ಬಾವಿಯ ತಳದಿಂದ ಎದ್ದು ಬಂತು. ಗೂಡಿನಲ್ಲಿದ್ದ ಲೋಟಗಳು ನಡುಗಿದವು. ನನ್ನ ದನಿಯನ್ನು ಇನ್ನೊಮ್ಮೆ ಕೇಳಬೇಕೆಂದು ನನಗೆ ಅನ್ನಿಸಿದ್ದು ಹುಟ್ಟಿದ ಮೇಲೆ ಅದೇ ಮೊದಲು.

"ಹೆಂಗೆ?" ಎಂದರು ಮಾವ. ಅದು ಇಲಿಮರಿ ಕೂಗಿದಂತಿತ್ತು.

ಸೌಟು ಹಿಡಿದು ಬಂದ ಗಿರಿಜತ್ತೆ, "ನಿಮ್ಮ ಗಂಟಲಿಗೇನಾಯ್ತ್ರೀ?" ಎಂದರು. ಅದೂ ಪೀಪಿಯ ದನಿ. ಬೆಚ್ಚಿ ಬಾಯಿಗೆ ಸೆರಗು ಒತ್ತಿಕೊಂಡರು.

"ಗಾಂಭೀರ್ಯ ಗಾಳಿಯಿಂದ ಹುಟ್ಟುತ್ತಾ?" ಎಂದರು ಮಾವ. "ಇದು ಇಪ್ಪತ್ತು ಅಡಿಯೊಳಗಿನ ಕಂಠಗಳಿಂದ ಎಳ್ಕೊಳ್ಳುತ್ತೆ. ಪೆಟ್ಟಿಗೆ ದೂರ ಹೋದ್ರೆ ಅವರದ್ದು ಅವರಿಗೆ ವಾಪಸ್."

"ಮೊದಲು ಆರಿಸಿ ಅದನ್ನ" ಎಂದರು ಅತ್ತೆ.

"ಆರಿಸೋ ಗುಂಡಿ ಇಟ್ಟಿಲ್ಲ."

ಮಾವ ಮೂವತ್ತು ವರ್ಷ ಮೈಕ್‌ಸೆಟ್ ಬಾಡಿಗೆಗೆ ಕೊಟ್ಟವರು. ಭಾಷಣದ ನಡುವೆ ಯಾರಾದರೂ ಸ್ವಿಚ್ ಆರಿಸಿದರೆ ಮಾನ ಹೋದಂತೆ ಅವರಿಗೆ. ಹಾಗಾಗಿ ಅವರ ಯಾವ ಯಂತ್ರಕ್ಕೂ ಆರಿಸುವ ಗುಂಡಿ ಇರುವುದಿಲ್ಲ. ಅವರ ಮನೆಯ ಫ್ಯಾನು ಹನ್ನೊಂದು ವರ್ಷದಿಂದ ತಿರುಗುತ್ತಿದೆ.

"ಬ್ಯಾಟರಿ ತೆಗೀರಿ ಮತ್ತೆ."

"ಬ್ಯಾಟರಿ ಎಲ್ಲಿದೆ? ಎಳೆದ ಕಂಠದಿಂದಲೇ ನಡೆಯುತ್ತೆ" ಎಂದರು, ಹೆಮ್ಮೆಯಿಂದಲೇ.

ಪಕ್ಕದ ಮನೆಯ ಹಾಲಪ್ಪ ಮೇಷ್ಟ್ರು ಗದರಲು ಬಂದರು. ಮೂರು ತಲೆಮಾರಿನ ಹುಡುಗರನ್ನು ನಡುಗಿಸಿದ ದನಿ ಅವರದು. "ಏನ್ರೀ ಗಲಾಟೆ" ಎಂದದ್ದು ಸೊಳ್ಳೆಯ ಗುಂಯ್‌ಗುಡುವಿಕೆಯಾಗಿ ಹೊರಟಿತು. ಮೇಷ್ಟ್ರು ಸುತ್ತ ನೋಡಿ, ಏನೂ ಆಗದವರಂತೆ ಹಿಂದಿರುಗಿದರು. ಹಿತ್ತಿಲಲ್ಲಿ ಅತ್ತೆಯ ಎಮ್ಮೆ ಬೆಕ್ಕಿನ ಮರಿಯಂತೆ ಕೂಗಿತು. ಇವರೆಲ್ಲರ ಪಾಲೂ ಸೇರಿದ ಮೇಲೆ ನಾನು ಕೆಮ್ಮಿದೆ. ಎರಡು ಹೆಂಚು ಬಿದ್ದವು.

"ಇದನ್ನ ಹಾಕ್ಕೊಂಡು ಹೋಗ್ಬೇಡ ಕಣೋ" ಎಂದರು ಅತ್ತೆ.

"ದೂರ ಕೂತ್ಕೊಂಡ್ರೆ ಏನೂ ಆಗಲ್ಲ" ಎಂದರು ಮಾವ.

ಸೋಮವಾರ ಪೆಟ್ಟಿಗೆಯನ್ನು ಅಂಗಿಯೊಳಗೆ ಅಡಗಿಸಿ ಹೋದೆ. ಬೇರೆ ದಾರಿ ನನಗಿರಲಿಲ್ಲ. ಮೂವರು ಅಧಿಕಾರಿಗಳು ಕೂತಿದ್ದರು. ನಾನು ಕುರ್ಚಿಯನ್ನು ಬಾಗಿಲವರೆಗೂ ಎಳೆದುಕೊಂಡೆ.

"ಹತ್ರ ಬನ್ನಿ, ಸಂಕೋಚ ಬೇಡ" ಎಂದರು ಹಿರಿಯ ಅಧಿಕಾರಿ. ಒಳ್ಳೆಯ ಮನುಷ್ಯ. ಬೇರೆ ದಿನವಾಗಿದ್ದರೆ ಆ ಮಾತಿಗೆ ನಾನು ಕರಗಿಹೋಗುತ್ತಿದ್ದೆ.

ಹತ್ತಿರ ಹೋಗಿ ಕೊಟ್ಟ ಹಾಳೆ ಓದಿದೆ. ನೀರಿನ ಲೋಟದಲ್ಲಿ ಅಲೆಗಳೆದ್ದವು. ಓದಿ ಮುಗಿಸಿದಾಗ ಹಿರಿಯರ ಕಣ್ಣು ತುಂಬಿತ್ತು.

"ಅದ್ಭುತ" ಎಂದರು. ಪೀಪಿ ಊದಿದಂತಾಯಿತು.

"ಸರ್, ನಿಮ್ಮ ದನಿ..." ಎಂದ ಎರಡನೆಯವರದ್ದು ಇನ್ನೂ ಸಣ್ಣದಾಗಿತ್ತು. ಮೂರನೆಯವರು ಬಾಯಿ ತೆರೆಯಲೇ ಇಲ್ಲ.

ಅನಂತರ ಯಾರೂ ಮಾತಾಡಲಿಲ್ಲ. ಮೌನ ನನಗೆ ಯಾವಾಗಲೂ ಇಷ್ಟ. ಆ ಮೌನದಲ್ಲಿ ಮಾತ್ರ ನನ್ನ ಕೆಲಸ ಕೈಬಿಟ್ಟು ಹೋಗುತ್ತಿರುವುದು ಕಾಣುತ್ತಿತ್ತು. ಯಾರಾದರೂ ಒಂದು ಮಾತು ಆಡಲಿ ಎಂದು ಕಾದೆ. ಕೊನೆಗೆ "ನಮಸ್ಕಾರ" ಎಂದು ಎದ್ದೆ. ಗೋಡೆಯ ಗಡಿಯಾರ ನಿಂತುಹೋಯಿತು.

ಗುರುವಾರ ಪತ್ರ ಬಂತು. "ಅಭ್ಯರ್ಥಿಯ ಧ್ವನಿ ಅತ್ಯುತ್ತಮ. ಆದರೆ ಅದು ಮೇಲಧಿಕಾರಿಗಳ ಧ್ವನಿಗಿಂತ ಗಂಭೀರವಾಗಿರುವುದರಿಂದ, ಶಿಸ್ತಿನ ದೃಷ್ಟಿಯಿಂದ ಪರಿಗಣಿಸಲಾಗಿಲ್ಲ."

ಮಾವ 'ಅತ್ಯುತ್ತಮ'ದ ಕೆಳಗೆ ಕೆಂಪು ಗೆರೆ ಎಳೆದು, ಪತ್ರಕ್ಕೆ ಕಟ್ಟು ಹಾಕಿಸಿ ಅಂಗಡಿಯಲ್ಲಿ ತೂಗುಹಾಕಿದ್ದಾರೆ.